ಚಿಲ್ಲರೆ ಬಾಕಿ

ಪಾಲಹಳ್ಳಿ ದಾಟಿದ ಮೇಲೆ ನಾಲೆಯ ಏರಿಗೆ
ಎರಡು ಕಲ್ಲುಗಂಬ ನೆಟ್ಟಿದ್ದಾರೆ,
ಮರಳು ಲಾರಿ ನುಗ್ಗದ ಹಾಗೆ.
ನಡುವೆ ಒಂದು ಸೈಕಲ್ಲಿನ ಅಗಲ.
ಹ್ಯಾಂಡಲ್ ವಾರೆ ಮಾಡಿ ನುಸುಳಿದೆವು,
ಮೊದಲು ನಾನು, ಆಮೇಲೆ ಬಾಬಾಜಾನ್.
ಹಿಂದಿನಿಂದ ಅವನು, ಅಭ್ಯಾಸಬಲ, 'ರೈಟ್!' ಎಂದ.

ಮೂವತ್ತೊಂದು ವರ್ಷ ಆ ಒಂದು ಸದ್ದಿಗೆ
ನನ್ನ ಎಡಗಾಲು ಕ್ಲಚ್ಚು ಬಿಟ್ಟಿದೆ.
ಮೈಸೂರು ಮಂಡ್ಯ, ಮಂಡ್ಯ ಮೈಸೂರು.
ಇವತ್ತು ಅದೇ ಕಾಲು ಬರಿಗಾಳಿಯನ್ನೊತ್ತಿ
ಪೆಡಲು ತಪ್ಪಿ ಗೆಣ್ಣು ತರಚಿತು.
ನಾಲೆಯಲ್ಲಿದ್ದ ಕೊಕ್ಕರೆ ಕತ್ತೆತ್ತಿ
ಇವರದು ಯಾವ ಡಿಪೋ ಎಂಬಂತೆ ನೋಡಿ
ಮತ್ತೆ ಬಗ್ಗಿತು.

ಹಾರನ್ನಿಲ್ಲ. ಎದುರಿಗೆ ಬಂದದ್ದು
ಎಮ್ಮೆ, ಅದರ ಬೆನ್ನ ಮೇಲೊಂದು ಕಾಜಾಣ,
ಸನಿಕೆ ಹೊತ್ತ ನೀರಗಂಟಿ ಜವರಪ್ಪ.
'ಎತ್ಲಾಗ್ ವೊಂಟ್ರಿ, ಬಸ್ಸೆಲ್ ಬುಟ್ರಿ?'
ಉತ್ತರಕ್ಕೆ ಕಾಯದೆ ತೂಬಿನತ್ತ ನಡೆದ.
ಬಲಕ್ಕೆ ಈಗಷ್ಟೇ ನಾಟಿಯಾದ ಭತ್ತ.
ಎಡಕ್ಕೆ ನಮ್ಮದೇ ವೇಗದಲ್ಲಿ ನೀರು;
ಒಂದು ತೆಂಗಿನ ಗರಿ ನಮ್ಮೊಡನೆ ಪಂದ್ಯಕ್ಕೆ ಬಿದ್ದು
ಸೋಪಾನದ ಕಲ್ಲಿಗೆ ಸಿಕ್ಕಿ ಸೋತಿತು.

ಹೊಳೆ ದಾಟುವಾಗ ಮಾತ್ರ ದೊಡ್ಡ ಸೇತುವೆ.
ಇಳಿದು ತಳ್ಳಿಕೊಂಡು ಹೊರಟೆವು.
ನಮ್ಮ ಡಿಪೋದ್ದೇ ಬಸ್ಸು ಕಿವಿಗೆ ಹಾರನ್ ಒತ್ತಿತು.
'ನಿನ್ ಮನೆ ಹಾಳಾಗ' ಎಂದೆ.
ಎಂದಮೇಲೆ ಲೆಕ್ಕ ಹಾಕತೊಡಗಿದೆ,
ಎಷ್ಟು ಜನ ನನ್ನ ಮನೆ ಹಾಳಾಗಲೆಂದಿರಬಹುದು.
ಲೆಕ್ಕ ಮುಗಿಯುವ ಮುಂಚೆ ಸೇತುವೆ ಮುಗಿಯಿತು.

ಆಮೇಲೆ ಕೋಟೆ.
ದಿನಕ್ಕೆ ಆರು ಸಲ ಇದರ ಮಗ್ಗುಲಲ್ಲಿ ಹಾದವನು ನಾನು.
ನನಗಿದು ಒಂದು ಸ್ಟಾಪು, ಎರಡು ಹಂಪು,
ಅಡ್ಡ ಬರುವ ಕುದುರೆಗಾಡಿ.
ಗೋಡೆ ಹೊಳೆಯ ಕಡೆ ಇಷ್ಟುದ್ದ ಮಲಗಿದೆಯೆಂದು,
ಕಲ್ಲಿನ ಸಂದಿಯಲ್ಲಿ ಗಿಳಿ ಮರಿ ಮಾಡುತ್ತದೆಂದು
ಯಾರೂ ಹೇಳಿರಲಿಲ್ಲ.
ಹೇಳಿದ್ದರೂ ಇಂಜಿನ್ ಸದ್ದಿಗೆ ಕೇಳಿಸುತ್ತಿರಲಿಲ್ಲ.

ಕಂದಕದ ಅಂಚಿಗೆ ಜಾಲಿಮುಳ್ಳು.
ಹಿಂದಿನ ಚಕ್ರ ಹುಸ್ಸೆಂದು ಕೂತಿತು.
ಗೋಡೆಗಾದರೆ ತೋಪು ಬೇಕಾಯಿತಂತೆ, ನನಗೆ ಇಷ್ಟು ಸಾಕು.
ಬಾಬಾಜಾನ್ ಟ್ಯೂಬು ಎಳೆದು
ಕಂದಕದ ಪಾಚಿನೀರಲ್ಲಿ ಅದ್ದಿ
ಗೇಣು ಗೇಣಾಗಿ ಸರಿಸಿದ.
ಬುಳುಬುಳು ಗುಳ್ಳೆ ಎದ್ದಿತು.
'ಒಡೆದದ್ದು ಇಲ್ಲೇ ನೋಡು, ಬೋರಲಿಂಗ' ಎಂದ,
ಟ್ಯೂಬಿಗೋ ಕೋಟೆಗೋ ತಿಳಿಯಲಿಲ್ಲ.

ಅಂಟು ಒಣಗುವ ತನಕ ಅವನ ಮಾತು:
'ಬಾಬುರಾಯನಕೊಪ್ಪಲಲ್ಲಿ ಇಳಿದಳಲ್ಲ,
ಸೊಪ್ಪಿನ ಮಂಕರಿಯವಳು, ನಿನಗೆಲ್ಲಿ ನೆನಪು,
ನಲವತ್ತಾರು ರೂಪಾಯಿ ಚಿಲ್ಲರೆ ಬಾಕಿ,
ಟಿಕೆಟ್ ಹಿಂದೆ ಬರೆದುಕೊಟ್ಟಿದ್ದೆ.
ಎಣಿಸುತ್ತಿದ್ದೆ. ನೀನು ಗಾಡಿ ಬಿಟ್ಟುಬಿಟ್ಟೆ.'

'ರೈಟ್ ಅಂದೆಯಲ್ಲ?'

'ನಾನು ಅನ್ನಲಿಲ್ಲ.
ಯಾರೋ ಪ್ಯಾಸೆಂಜರ್ ಅಂದ.'

ಹನ್ನೆರಡು ವರ್ಷದ ಹಿಂದಿನ ಮಾತು.
ನನಗೆ ಗೊತ್ತಿದ್ದ ಬಾಬಾಜಾನ್
ಕನ್ನಡಿಯಲ್ಲಿ ಕಾಣುವಷ್ಟೇ: ಅರ್ಧ ಮುಖ,
ಚರ್ಮದ ಚೀಲದ ಪಟ್ಟಿ.
ದನಿಯಾದರೂ ಗೊತ್ತಿದೆ ಅಂದುಕೊಂಡಿದ್ದೆ.

ಪ್ಯಾಚಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು
ಅವನು ಹೊಳೆಯಾಚೆ ನೋಡಿದ.
'ಕೊಪ್ಪಲು ದೂರವೇನಲ್ಲ' ಎಂದೆ.
'ಅವಳು ಇರ್ತಾಳೋ ಇಲ್ಲವೋ.'
'ಹಳೇ ಕಲ್ಲುಸೇತುವೆ ಮೇಲೆ ಹೋದರೆ ಒಂದು ವಾಹನವೂ ಅಡ್ಡ ಬರಲ್ಲ.'
ಜೇಬು ಮುಟ್ಟಿ ನೋಡಿಕೊಂಡ.

ಈ ಸಲ ಮುಂದೆ ಅವನು.
ಬೆನ್ನಲ್ಲಿ ಬೆವರಿನದೊಂದು ನಕ್ಷೆ,
ಎಡಭುಜ ಕೊಂಚ ತಗ್ಗಿದೆ, ಚೀಲ ತೂಗಿದ ಕಡೆ.
ಒಂದು ಕಾಲು ಪೆಡಲಿಗಿಟ್ಟು ನಿಂತೇ ಇದ್ದ.
ನಾನೂ ನಿಂತಿದ್ದೆ, ಹೇಳಲಿ ಎಂದು.
ಹೊಳೆಯ ಗಾಳಿ ಬಂತು, ಹೋಯಿತು.
ಕೊನೆಗೆ ಹೊಳೆಯಿತು:
ಅದನ್ನು ಹೇಳಬೇಕಾದವನು
ಹಿಂದೆ ಇರುವವನು.